ಹಳಿಯ ಪಕ್ಕದ ಪಟ್ಟಿಗಳು

ಫೆಬ್ರುವರಿ 11, ಡೊಂಬಿವಲಿ

ಕೋಪರ್ ದಾಟಿ ಮುಂಬೈ ಲೋಕಲ್ ಸಿಗ್ನಲ್‌ಗೆ ನಿಂತಿತು. ಹಳಿಯ ಪಕ್ಕ ಪಾಲಕ್, ಮೆಂತ್ಯ, ಕೆಂಪು ದಂಟು, ಮೂಲಂಗಿ, ಒಂದೊಂದಕ್ಕೂ ಒಂದು ಪಟ್ಟಿ. ಒತ್ತುವರಿ ಆಗದಿರಲಿ ಅಂತ 'ಹೆಚ್ಚು ಆಹಾರ ಬೆಳೆಯಿರಿ' ಯೋಜನೆಯಲ್ಲಿ ರೈಲ್ವೆ ತನ್ನ ನೌಕರರಿಗೆ ಕೊಟ್ಟಿದ್ದ ನೆಲ. ಬೆವರು ಮಾತ್ರ ಬಹಳ ಕಡೆ ಉತ್ತರ ಪ್ರದೇಶದವರದು.

ಪಟ್ಟಿಯೊಳಗೆ ಕಸವೇ ಇಲ್ಲ. ಒತ್ತೊತ್ತಾಗಿ ಚೆಲ್ಲಿದ ಮೆಂತ್ಯ ನೆಲಕ್ಕೆ ಬಿಸಿಲು ಬಿಡುವುದಿಲ್ಲ, ತಿಂಗಳೊಪ್ಪತ್ತಿನಲ್ಲಿ ಬೇರು ಸಮೇತ ಕಿತ್ತು ಕಟ್ಟು ಕಟ್ಟುತ್ತಾರೆ. ಬೀಜ ಕಟ್ಟಲು ಕಳೆಗೆ ಪುರುಸೊತ್ತೆಲ್ಲಿ? ಇದ್ದಬದ್ದದ್ದೆಲ್ಲ ಎರಡು ಪಟ್ಟಿಗಳ ನಡುವಿನ ಬದುವಿನಲ್ಲಿ, ನೀರು ಹರಿಯುವ ಕಡೆ: ಜೇಕು, ಗರಿಕೆ, ಗೋಣಿಸೊಪ್ಪು.

ಫೆಬ್ರುವರಿ 25

ಠಾಕುರ್ಲಿ ಹತ್ತಿರ ಒಬ್ಬಾತ ಖುರ್ಪಿ ಹಿಡಿದು ಬದುವಿನಲ್ಲಿ ಕುಕ್ಕರಗಾಲಲ್ಲಿ ಕೂತಿದ್ದ. ಜೇಕಿನ ಎಲೆ ಹಿಡಿದು ಎಳೆಯಲಿಲ್ಲ. ಗೇಣುದ್ದ ಬಗೆದು ಕಪ್ಪು ಗಡ್ಡೆ ತೆಗೆದ. ಅದರ ಬುಡದಿಂದ ತಂತಿಯಂಥ ಬೇರು, ಅದರ ತುದಿಗೆ ಇನ್ನೊಂದು ಗಡ್ಡೆ, ಮುಂದೆ ಮತ್ತೊಂದು. ಎಲ್ಲವನ್ನೂ ಬುಟ್ಟಿಗೆ ಹಾಕಿಕೊಂಡ. ಗೋಣಿಸೊಪ್ಪೂ ಬುಟ್ಟಿಗೇ, ಹಸಿ ನೆಲದಲ್ಲಿ ಬಿಟ್ಟರೆ ತುಂಡು ಕಾಂಡವೂ ಬೇರು ಬಿಡುತ್ತದೆ.

ಔಷಧಿ ಹೊಡೆಯಲ್ವಾ ಅಂದೆ. ಇಲ್ಲಿ ಹೊಡೆದರೆ ಅಲ್ಲಿ ಪಾಲಕ್ ಸಾಯುತ್ತದೆ ಅಂದ. ಹೌದಲ್ಲ: ಹುಲ್ಲಿನ ಔಷಧಿಗೆ ಜೇಕು ಜಗ್ಗದು, ಅಗಲ ಎಲೆಯ ಕಸ ಕೊಲ್ಲುವಂಥದು ಪಾಲಕನ್ನೂ ಉಳಿಸದು. ನಮ್ಮ ವಿಜಯಪುರ ಕಡೆ ಜೋಳ, ತೊಗರಿಯ ಸಾಲಿನ ನಡುವೆ ಎತ್ತು ಕಟ್ಟಿ ಎಡೆಕುಂಟಿ ಹೊಡೆದರೆ ಅರ್ಧ ಕೆಲಸ ಮುಗಿದಂತೆ. ಇಲ್ಲಿ ಎತ್ತು ತಿರುಗಿಸಲು ಜಾಗವೆಲ್ಲಿ? ಬೆನ್ನೇ ಬಾಗಬೇಕು.

ಜೂನ್ 30, ತುರ್ಭೆ

ಠಾಣೆಯಿಂದ ಟ್ರಾನ್ಸ್‌ಹಾರ್ಬರ್ ಗಾಡಿ. ಮಳೆ ಬಿದ್ದ ಮೇಲೆ ಪಾಳು ಬಿಟ್ಟ ಪಟ್ಟಿಗಳಲ್ಲಿ ಕಾಂಗ್ರೆಸ್ ಕಸ. 1950ರ ದಶಕದಲ್ಲಿ ಪುಣೆಯಲ್ಲಿ ಮೊದಲು ಕಣ್ಣಿಗೆ ಬಿದ್ದ ಗಿಡ, ಈಗ ಇಲ್ಲದ ಊರಿಲ್ಲ. ಅದನ್ನು ತಿನ್ನಲೆಂದು ಮೆಕ್ಸಿಕೋದ ದುಂಬಿ ತಂದು 1984ರಲ್ಲಿ ಬೆಂಗಳೂರಲ್ಲಿ ಬಿಟ್ಟರು. ಮಳೆಗಾಲದಲ್ಲಿ ಎದ್ದು ಎಲೆ ಬೋಳಿಸುತ್ತದೆ ನಿಜ, ಆದರೆ ಅದು ಎಚ್ಚರವಾಗುವ ಹೊತ್ತಿಗೆ ಎಷ್ಟೋ ಗಿಡ ಬೀಜ ಉದುರಿಸಿ ಮುಗಿದಿರುತ್ತದೆ.

ಒಂದು ತುಂಡು ನೆಲದಲ್ಲಿ ಮಾತ್ರ ಟಾಕಳಾ, ಅಂದರೆ ನಮ್ಮ ತಗಚೆ, ಮೊಣಕಾಲೆತ್ತರ ಒತ್ತಾಗಿ ಎದ್ದಿತ್ತು, ಕಾಂಗ್ರೆಸ್ ಕಸದ ಸುಳಿವಿಲ್ಲ. ಅದನ್ನು ಅಡಗಿಸಲು ಇದರ ಬೀಜ ಚೆಲ್ಲಿ ಅಂತ ಕೃಷಿ ವಿಜ್ಞಾನಿಗಳೂ ಹೇಳುತ್ತಾರೆ.

ಜುಲೈ 13, ಡೊಂಬಿವಲಿ

ಕಲ್ಯಾಣ ಸ್ಟೇಷನ್ ಹೊರಗೆ ಟಾಕಳಾ ಸೊಪ್ಪು ಬಂದಿದೆ, ಮುರ್ಬಾಡ್ ಗುಡ್ಡದ್ದಂತೆ. ಪಕ್ಕದ ಮನೆಯ ಉಡುಪಿಯವರಿಗೆ ಎರಡು ಕಟ್ಟು ತಂದೆ; ಆಟಿ ತಿಂಗಳು ಹತ್ತಿರ ಬಂತು, ಇದೇ ಅವರ ತಜಂಕ್, ಬೇಕೇ ಬೇಕು. ಹಳಿ ಪಕ್ಕದ್ದಲ್ಲ ತಾನೇ ಅಂತ ಎರಡು ಸಲ ಕೇಳಿದರು. ಹಳಿ ಪಕ್ಕದ ಪಟ್ಟಿಗೆ ಹರಿಯುವ ಗಟಾರದ ನೀರು ಅವರಿಗೂ ಗೊತ್ತು, ನನಗೂ.

ಹೂ ಬಿಡುವ ಮೊದಲಿನ ಎಳೆ ಸೊಪ್ಪಷ್ಟೇ ಅಡುಗೆಗೆ. ಠಾಕುರ್ಲಿಯ ಖುರ್ಪಿಯವನು ತನ್ನಲ್ಲಿ ಎದ್ದ ಟಾಕಳಾ ಮಾರುವುದಿಲ್ಲ, ಎಳೆಯದಿರುವಾಗಲೇ ಪಟ್ಟಿಯಲ್ಲಿ ಅಗೆದು ಮಗುಚಿಬಿಡುತ್ತಾನಂತೆ. ಅಲ್ಲೇ ಮುಂದಿನ ಪಾಲಕ್.