ರೇಂಜ್ ಎಷ್ಟು ಅಕ್ಕ?

ಬಿ.ಸಿ. ರೋಡಿನ ಜವಳಿ ಅಂಗಡಿಯ ಬಿಳಿ ಹಾಸಿನ ಮುಂದೆ ಕೂತ ಕೂಡಲೇ ಬರುವ ಪ್ರಶ್ನೆ ಬಣ್ಣದ್ದಲ್ಲ. "ರೇಂಜ್ ಎಷ್ಟು ಅಕ್ಕ?" ಎಂಬುದು. ಮದುಮಗಳು ಎದುರಿಗೇ ಇದ್ದಾಳೆ, ಪಕ್ಕದಲ್ಲಿ ಅತ್ತೆಯಾಗುವವರು, ಹಿಂದಿನ ಕುರ್ಚಿಯಲ್ಲಿ ಬೀಗರ ಕಡೆಯ ಹಿರಿಯರೊಬ್ಬರು ಅಂಗಡಿಯವರು ಕೊಟ್ಟ ಲಿಂಬೆ ಶರಬತ್ತು ಹೀರುತ್ತಿದ್ದಾರೆ. ಇಷ್ಟು ಜನರ ನಡುವೆ ಅಂಕಿಯನ್ನು ಬಾಯಿಬಿಟ್ಟು ಹೇಳುವವರು ಯಾರು?

ನಮ್ಮಲ್ಲಿ ಧಾರೆ ಸೀರೆ ಗಂಡಿನ ಮನೆಯವರ ಲೆಕ್ಕ. ಉಡುವವಳು ಒಬ್ಬಳು, ದುಡ್ಡು ಎಣಿಸುವವರು ಇನ್ನೊಬ್ಬರು. ಹುಡುಗಿ ಮೇಲಿನ ಅಟ್ಟಿಗೆ ಕೈ ಹಾಕಿದರೆ "ಈಗಲೇ ಹೀಗಾ" ಎಂದಾಗುತ್ತದೆ. ಕೆಳಗಿನ ಅಟ್ಟಿಗೆ ಹಾಕಿದರೆ ಅವಳ ತಾಯಿಯ ಮುಖ ಸಣ್ಣದಾಗುತ್ತದೆ. ಹಾಗಾಗಿ "ನೀವೇ ಹೇಳಿ", "ಛೆ, ನಮ್ಮದೆಂತ, ಉಡುವವಳು ಅವಳಲ್ವಾ" ಎಂದು ಮಾತು ಈ ಕಡೆಯಿಂದ ಆ ಕಡೆಗೆ ಹೋಗಿ ಬರುತ್ತಿರುತ್ತದೆ. ಅಂಗಡಿಯ ಹುಡುಗನಿಗೆ ಇದೆಲ್ಲ ಬಾಯಿಪಾಠ. ಉತ್ತರಕ್ಕೆ ಕಾಯದೆ ಹದಿನೈದು ಸಾವಿರದ್ದೊಂದನ್ನು ಫಟ್ಟನೆ ಬಿಡಿಸಿ, ತನ್ನ ಚೌಕುಳಿ ಅಂಗಿಯ ಮೇಲೇ ಸೆರಗು ಹೊದ್ದು, ಕನ್ನಡಿಯ ಕಡೆ ತಿರುಗಿ ನಿಲ್ಲುತ್ತಾನೆ. ಸತ್ಯ ಹೇಳುತ್ತೇನೆ, ಕೆಲವು ಸೀರೆ ಅವನಿಗೇ ಹೆಚ್ಚು ಒಪ್ಪುತ್ತದೆ.

ನನ್ನ ಅಕ್ಕನ ಮಗಳ ಮದುವೆಯಲ್ಲಿ ಈ ನಾಟಕ ನಡೆಯಲಿಲ್ಲ. ಅಕ್ಕ ಬೀಡಿ ಕಟ್ಟಿ ಬ್ರಾಂಚಿಗೆ ಕೊಟ್ಟು ಮಕ್ಕಳನ್ನು ಓದಿಸಿದವಳು. ಅತ್ತೆಯಾಗುವವರೂ ಅದೇ ಕೆಲಸದವರು, ಊರು ಮಾತ್ರ ವೇಣೂರಿನ ಹತ್ತಿರ. ಎಲೆ ಕತ್ತರಿಸಿದ ಕೈಗಳಿಗೆ ಪರಸ್ಪರ ಗುಟ್ಟೇನೂ ಇರಲಿಲ್ಲ. "ನಮ್ಮಿಂದ ಎಂಟು ಸಾವಿರ ಆಗ್ತದೆ, ಅದರ ಮೇಲೆ ಕಷ್ಟ" ಎಂದು ಆ ತಾಯಿ ಫೋನಿನಲ್ಲೇ ಹೇಳಿದರು. "ಎಂಟು ಧಾರಾಳ ಆಯ್ತು" ಎಂದಳು ಅಕ್ಕ. ಆಮೇಲೆ ಉಳಿದದ್ದು ಸೀರೆ ಹುಡುಕುವ ಕೆಲಸ.

ಎಂಟು ಸಾವಿರ ತೀರಾ ಕಡಿಮೆಯೇನಲ್ಲ. ಮುಜರಾಯಿ ಇಲಾಖೆ 2020ರಲ್ಲಿ 'ಸಪ್ತಪದಿ' ಸಾಮೂಹಿಕ ವಿವಾಹ ಯೋಜನೆ ಹೊರಡಿಸಿದಾಗ ಧಾರೆ ಸೀರೆ, ರವಿಕೆ ಕಣ, ಹೂವಿನ ಹಾರ ಎಲ್ಲ ಸೇರಿಸಿ ವಧುವಿಗೆಂದು ಇಟ್ಟದ್ದು 10,000 ರೂಪಾಯಿ. ವರನಿಗೆ ಅದರ ಅರ್ಧ. ಪಂಚೆ, ಶರ್ಟು, ಶಲ್ಯದಲ್ಲಿ ಗಂಡಸರ ಮದುವೆ ಮುಗಿಯುತ್ತದೆಂದು ಸರ್ಕಾರಕ್ಕೂ ಗೊತ್ತು. ಬೆಳ್ತಂಗಡಿ ತಾಲೂಕಿನವರಿಗೆ ಇದೇನೂ ಹೊಸತಲ್ಲ. ಧರ್ಮಸ್ಥಳದಲ್ಲಿ 1972ರಿಂದ ಉಚಿತ ಸಾಮೂಹಿಕ ವಿವಾಹ ನಡೆಯುತ್ತಿದೆ. ಸೀರೆ, ಧೋತಿ, ಮಂಗಳಸೂತ್ರ ಎಲ್ಲ ಕ್ಷೇತ್ರದಿಂದಲೇ. ಇಷ್ಟರಲ್ಲಿ 12,000ಕ್ಕೂ ಹೆಚ್ಚು ಜೋಡಿಗಳು ಅಲ್ಲಿ ಸಂಸಾರ ಹೂಡಿವೆ. "ಅಲ್ಲೇ ಮಾಡಬಹುದಿತ್ತಲ್ಲ" ಎಂದು ನಾನು ಅಂದದ್ದುಂಟು. ಅಕ್ಕನಿಗೆ ಮಾತ್ರ ಮನೆಯಂಗಳದಲ್ಲೇ ಚಪ್ಪರ ಆಗಬೇಕಿತ್ತು.

ಜವಳಿಗೆ ನಾವು ಸುತ್ತುವ ಬಂಟ್ವಾಳ, ಮೂಡುಬಿದಿರೆ, ಬೆಳ್ತಂಗಡಿ ಪೇಟೆಗಳ ನಡುವಿನ ದಾರಿ ಒಂದು ತ್ರಿಕೋನ. ಬಂಟ್ವಾಳದಿಂದ ಸಿದ್ಧಕಟ್ಟೆ ಹಾದರೆ ಮೂಡುಬಿದಿರೆ. ಅಲ್ಲಿಂದ ವೇಣೂರು, ಗುರುವಾಯನಕೆರೆಯಾಗಿ ಬೆಳ್ತಂಗಡಿ. ಮಡಂತ್ಯಾರು, ಪುಂಜಾಲಕಟ್ಟೆ ದಾಟಿ ಮತ್ತೆ ಬಿ.ಸಿ. ರೋಡು. ಮಂಗಳೂರಿಗೆ ಹೋದರೆ ಆಯ್ಕೆ ಜಾಸ್ತಿ, ಒಪ್ಪುತ್ತೇನೆ. ಆದರೆ ಅಲ್ಲಿ ಲಿಫ್ಟು ಹತ್ತಿ ಮೇಲೆ ಹೋದ ಹಾಗೆ ರೇಟೂ ಹತ್ತುತ್ತದೆ. ಶಕ್ತಿ ಯೋಜನೆ ಬಂದ 2023ರ ಜೂನಿನಿಂದ ಧರ್ಮಸ್ಥಳದ ಸರ್ಕಾರಿ ಬಸ್ಸಿನಲ್ಲಿ ಬೆಳ್ತಂಗಡಿಗೆ ಹೆಂಗಸರಿಗೆ ಹಣ ಕೊಡಲಿಕ್ಕಿಲ್ಲ. ಸಿದ್ಧಕಟ್ಟೆ ದಾರಿಯಲ್ಲಿ ಹೆಚ್ಚಿನವು ಖಾಸಗಿ ಬಸ್ಸು, ಟಿಕೆಟ್ ತೆಗೆಯಲೇಬೇಕು.

ಎಂಟು ಸಾವಿರ ಹಿಡಿದು ಹೋದವರ ಎದುರು ಎರಡು ಅಟ್ಟಿ ಬೀಳುತ್ತದೆ. ಒಂದು, ಮೂರು ಸಾವಿರದ 'ಸೆಮಿ ಕಾಂಚಿ'. ಅಗಲ ಅಂಚು, ಕಣ್ಣು ಕೋರೈಸುವ ಸೆರಗು, ಫೋಟೋದಲ್ಲಿ ಮೂವತ್ತು ಸಾವಿರದ್ದರ ಹಾಗೆ ಕಾಣುತ್ತದೆ. ಇನ್ನೊಂದು, ಏಳೆಂಟು ಸಾವಿರದ ನಿಜವಾದ ರೇಷ್ಮೆ. ಅಂಚು ಕಿರಿದು, ಜರಿ ಸಾಧಾರಣ, ಮಡಿಕೆಯಲ್ಲಿದ್ದಾಗ ಬಡಪಾಯಿ. ಸಿಲ್ಕ್ ಮಾರ್ಕ್ ಚೀಟಿ ಇದೆಯಾ ನೋಡುವುದು ಈಗಿನವರ ಕ್ರಮ. ಅಕ್ಕ ಹಳೇ ಕ್ರಮದವಳು. ಸೆರಗಿನ ತುದಿಯಿಂದ ಒಂದು ಎಳೆ ಕೇಳಿ ತೆಗೆದು, ಬಾಗಿಲ ಹೊರಗೆ ಬೆಂಕಿಕಡ್ಡಿ ಗೀರಿದಳು. ಕೂದಲು ಸುಟ್ಟ ವಾಸನೆ ಬಂದು, ಬೂದಿ ಬೆರಳಲ್ಲಿ ಪುಡಿಯಾದರೆ ರೇಷ್ಮೆ. ಕರಗಿ ಗಟ್ಟಿ ಉಂಡೆಯಾದರೆ ಪಾಲಿಸ್ಟರ್. 'ಸೆಮಿ'ಯ ಎಳೆ ಸಾಸಿವೆ ಕಾಳಿನ ಹಾಗೆ ಉಂಡೆಗಟ್ಟಿತು. ಅಂಗಡಿಯವರು ಮುಚ್ಚುಮರೆ ಮಾಡಲಿಲ್ಲ: "ಅದಕ್ಕೇ ಅಕ್ಕ ಆ ರೇಟು."

ದುಬಾರಿಯೇ, ಹೊಸತೇ ಆಗಬೇಕೆಂಬ ಹಟ ಎಲ್ಲರಿಗೂ ಇರಬೇಕಾಗಿಲ್ಲ. ಬೆಳ್ತಂಗಡಿಯ ಬೆಟ್ಟದ ಬುಡದ ಊರುಗಳಲ್ಲಿ ಕೇರಳದಿಂದ ಬಂದು ನೆಲೆಸಿದ ಸಿರಿಯನ್ ಕ್ರೈಸ್ತರಿದ್ದಾರೆ. ಅವರಲ್ಲಿ ವರ ವಧುವಿಗೆ ಕೊಡುವ ಸೀರೆಗೆ ಮಂತ್ರಕೋಡಿ ಎಂದು ಹೆಸರು. ಆ ಸೀರೆಯಿಂದಲೇ ಏಳು ಎಳೆ ನೂಲು ತೆಗೆದು ಹೊಸೆದು ತಾಳಿಯನ್ನು ಪೋಣಿಸುವ ಕ್ರಮವುಂಟು. ಸೀರೆ ಎಷ್ಟರದ್ದೇ ಇರಲಿ, ಎಳೆ ಏಳೇ. ಮಂಗಳೂರು ಕಡೆಯ ಕೊಂಕಣಿ ಕ್ರೈಸ್ತರಲ್ಲಿ ಗಂಡಿನ ಕಡೆಯಿಂದ ಬರುವ ಕೆಂಪು ಸೀರೆ 'ಸಾಡೊ'. ಅಜ್ಜಿಯ ಸಾಡೊ ಮೊಮ್ಮಗಳು ಉಟ್ಟರೆ ಅದು ಹೆಮ್ಮೆ. ನಮ್ಮಲ್ಲಿ ತಾಯಿಯ ಧಾರೆ ಸೀರೆ ಮಗಳು ಉಟ್ಟರೆ "ಹೊಸತು ತರಲಿಲ್ವಾ?" ಎಂದು ಕೇಳುವವರು ಊಟದ ಪಂಕ್ತಿಯಲ್ಲೇ ಇರುತ್ತಾರೆ.

ಹಣ ನಿಜವಾಗಿ ಸೋರುವುದು ರವಿಕೆಯಲ್ಲಿ. ಬೆನ್ನಿಗೆ ನವಿಲು, ತೋಳಿಗೆ ಮಣಿ, ಆರಿ ವರ್ಕ್ ಎಂದು ಹೇಳಿ ಟೈಲರ್ ಹುಡುಗಿ ಕೊಟ್ಟ ಲೆಕ್ಕ ಸೀರೆಯ ಹತ್ತಿರ ಹತ್ತಿರ ಬಂತು. ಸೆರಗಿಗೆ ಕುಚ್ಚು, ಫಾಲ್, ಮೊದಲೇ ನೆರಿಗೆ ಹಿಡಿದು ಇಸ್ತ್ರಿ ಹಾಕುವುದು, ಪಾರ್ಲರಿನವರು ಬಂದು ಉಡಿಸುವುದು ಬೇರೆ. ನನ್ನ ಅಭಿಪ್ರಾಯ ಕೇಳಿದರೆ ಆ ನವಿಲು ಅನಗತ್ಯ, ಮಲ್ಲಿಗೆಯ ಜಡೆಯ ಅಡಿಯಲ್ಲಿ ಅದನ್ನು ನೋಡುವವರಿಲ್ಲ. ಆ ದುಡ್ಡಿಗೆ ಮೂಡುಬಿದಿರೆಯಿಂದ ಕಿನ್ನಿಗೋಳಿಗೆ ಬಸ್ಸು ಹತ್ತಿ, ತಾಳಿಪಾಡಿ ನೇಕಾರರ ಸೊಸೈಟಿಯಲ್ಲಿ ಕೈಮಗ್ಗದ ಉಡುಪಿ ಸೀರೆ ತೆಗೆಯಬಹುದು. 2016ರಲ್ಲಿ ಭೌಗೋಳಿಕ ಸೂಚ್ಯಂಕ ಸಿಕ್ಕಿದ ಹತ್ತಿ ಸೀರೆ ಅದು, ತೊಳೆದಷ್ಟೂ ಮೆತ್ತಗಾಗುತ್ತದೆ. ಮದುಮಗಳು ನನ್ನ ಮಾತಿಗೆ ಅರ್ಧ ಬೆಲೆ ಕೊಟ್ಟಳು. ನವಿಲು ಬಿಟ್ಟಳು, ಮಣಿ ಬಿಡಲಿಲ್ಲ. ಉಳಿದದ್ದರಲ್ಲಿ ಮದುವೆಯ ಮರುದಿನಕ್ಕೆಂದು ಒಂದು ಉಡುಪಿ ಸೀರೆ ಬಂತು.

ಆಟಿ ತಿಂಗಳಲ್ಲಿ ಜವಳಿ ತೆಗೆದರೆ ಇನ್ನೂ ಅಗ್ಗ. ಜುಲೈ ಮಧ್ಯದಿಂದ ಆಗಸ್ಟ್ ಮಧ್ಯದವರೆಗೆ ತುಳುನಾಡಿನಲ್ಲಿ ಮದುವೆಯಿಲ್ಲ, ಅಂಗಡಿಯವರು ಡಿಸ್ಕೌಂಟಿನ ಬ್ಯಾನರು ಕಟ್ಟಿ ಮಳೆ ನೋಡುತ್ತಾ ಕೂತಿರುತ್ತಾರೆ. ಆದರೆ ಆಟಿಯಲ್ಲಿ ಶುಭಕಾರ್ಯದ ಸೀರೆಯೇ ಎಂದು ಹಿರಿಯರು ಹೌಹಾರುತ್ತಾರೆ. ಉಪಾಯವೊಂದಿದೆ: "ಸುಮ್ಮನೆ ಒಂದು ಸೀರೆ" ಎಂದು ತೆಗೆದಿಟ್ಟು, ಸೋಣ ತಿಂಗಳು ಬಂದ ಮೇಲೆ ದೇವರ ಮುಂದಿಟ್ಟು ಧಾರೆ ಸೀರೆ ಮಾಡಿಕೊಳ್ಳುವುದು.

ನಮ್ಮದು ಸಿಕ್ಕಿದ್ದು ಮೂಡುಬಿದಿರೆಯಲ್ಲಿ. ಕೆಂಪು ಒಡಲು, ಹಸಿರು ಕಿರಿ ಅಂಚು, ಶುದ್ಧ ರೇಷ್ಮೆ, ಎಂಟು ಸಾವಿರದ ಒಳಗೆ. ಅತ್ತೆಯಾಗುವವರು ಚಿಲ್ಲರೆ ವಾಪಸು ತಗೊಂಡು ಎಣಿಸಿ, ಎಲ್ಲರಿಗೂ ಐಸ್‌ಕ್ರೀಮ್ ಕೊಡಿಸಿದರು.

ಮದುವೆ ಜವಳಿಗೆ ಹೊರಡುವವರಲ್ಲಿ ನನ್ನದಿಷ್ಟು ಕೋರಿಕೆ: ಅಂಕಿಯ ಮಾತು ಎರಡೂ ಮನೆಯ ತಾಯಂದಿರು ಫೋನಿನಲ್ಲೇ ಮುಗಿಸಿಕೊಳ್ಳಿ. ನಾಲ್ಕು ಜನರಿಗಿಂತ ಹೆಚ್ಚು ಹೋಗಬೇಡಿ. ಅಳತೆಯ ರವಿಕೆಯನ್ನು ಚೀಲದಲ್ಲಿ ಹಾಕಿಕೊಳ್ಳಲು ಮರೆಯಬೇಡಿ.