ಕೆಂಡವೂ ಗ್ಯಾಸೂ

ನಮ್ಮ ಪ್ರೌಢಶಾಲೆಯ ಸ್ಮರಣ ಸಂಚಿಕೆಗೆ ಹಳೆಯ ವಿದ್ಯಾರ್ಥಿನಿಯರು ಏನಾದರೂ ಬರೆದು ಕಳುಹಿಸಬೇಕೆಂಬ ಪತ್ರವು ಕೈಸೇರಿದಾಗ, ಯಾವ ವಿಷಯವನ್ನು ಕುರಿತು ಬರೆಯೋಣವೆಂದು ನಾವಿಬ್ಬರು ಅಕ್ಕತಂಗಿಯರು ಬಹಳ ಹೊತ್ತು ಆಲೋಚಿಸಿದೆವು. ವಿದ್ಯೆ, ಶೀಲ, ಸೇವೆ ಮೊದಲಾದ ಘನವಾದ ವಿಷಯಗಳ ಮೇಲೆ ಬರೆಯಲು ನಮಗಿಂತ ಯೋಗ್ಯರಾದವರು ಅನೇಕರಿದ್ದಾರೆ. ನಮಗೆ ಚೆನ್ನಾಗಿ ತಿಳಿದಿರುವುದೆಂದರೆ, ನಮ್ಮ ಮನೆಯಲ್ಲಿ ಮೂವತ್ತು ವರುಷಗಳಿಗೂ ಮಿಕ್ಕಿ ತೀರ್ಮಾನವಾಗದೆ ಉಳಿದಿರುವ ಒಂದು ವಾದ. ಮೀನನ್ನಾಗಲಿ ಬದನೆಕಾಯಿಯನ್ನಾಗಲಿ ಸುಡುವುದಕ್ಕೆ ಇದ್ದಲ ಕೆಂಡವು ಲೇಸೋ, ಗ್ಯಾಸಿನ ಉರಿಯು ಲೇಸೋ ಎಂಬುದೇ ಆ ವಾದ. ವಾಚಕರು ನಗಬಹುದು. ನಗುವುದಕ್ಕೆ ನಮ್ಮ ಅಡ್ಡಿಯಿಲ್ಲ. ಆದರೆ ಕೊನೆಯ ವರೆಗೆ ಓದಬೇಕಾಗಿ ವಿಜ್ಞಾಪನೆ.

ನಮ್ಮಲ್ಲಿ ಹಿರಿಯವಳು ನೇತ್ರಾವತಿಯ ದಡದ ತವರುಮನೆಯಲ್ಲಿಯೇ ಅಮ್ಮನೊಡನೆ ವಾಸವಾಗಿದ್ದಾಳೆ. ಕಿರಿಯವಳು ಮದುವೆಯಾಗಿ ಅಮೆರಿಕಾದ ಟೆಕ್ಸಾಸ್ ಪ್ರಾಂತಕ್ಕೆ ಹೋದಳು. ಆ ದೇಶದಲ್ಲಿ ಮನೆಯ ಹಿತ್ತಿಲಿನಲ್ಲಿ ಮಾಂಸ, ಮೀನು, ಜೋಳದ ತೆನೆಗಳನ್ನು ಸುಟ್ಟು ನೆರೆಹೊರೆಯವರೊಡನೆ ಕೂಡಿ ಉಣ್ಣುವುದು ಒಂದು ಹಬ್ಬದಂತೆ ನಡೆಯುತ್ತದೆ. ಇದನ್ನು ಅವರು ಬಾರ್ಬೆಕ್ಯೂ ಎನ್ನುತ್ತಾರೆ. ಅಲ್ಲಿನ ಗಂಡಸರೂ ಇದ್ದಲಿನ ಪಕ್ಷ, ಗ್ಯಾಸಿನ ಪಕ್ಷ ಎಂದು ಎರಡಾಗಿ ಒಡೆದು ವಾದಿಸುವುದನ್ನು ಕಂಡು ಕಿರಿಯವಳಿಗೆ ತವರಿನ ನೆನಪಾಯಿತಂತೆ. ಮೋಟಾರು ಗಾಡಿಗಳನ್ನು ಕಟ್ಟುವಾಗ ಉಳಿದ ಮರದ ಚೂರುಗಳಿಂದ ಇದ್ದಲ ಬಿಲ್ಲೆಗಳನ್ನು ಮಾಡಿ ಮಾರುವ ಉದ್ಯೋಗವನ್ನು 1920ರ ದಶಕದಲ್ಲಿ ಹೆನ್ರಿ ಫೋರ್ಡನು ಆರಂಭಿಸಿದನು. 1952ರಲ್ಲಿ ಜಾರ್ಜ್ ಸ್ಟೀಫನ್ ಎಂಬಾತನು, ತಾನು ಕೆಲಸಮಾಡುತ್ತಿದ್ದ ಕಾರ್ಖಾನೆಯಲ್ಲಿ ತಯಾರಾಗುತ್ತಿದ್ದ ಸಮುದ್ರದ ತೇಲುಗುಂಡನ್ನು ನಡುವೆ ಕೊಯ್ದು, ಮುಚ್ಚಳವುಳ್ಳ ದುಂಡು ಒಲೆಯನ್ನು ನಿರ್ಮಿಸಿದನು. ಇವೆಲ್ಲ ಇದ್ದಲಿನ ಪಕ್ಷದ ಹೆಮ್ಮೆಗಳು. ಇಷ್ಟನ್ನೂ ತಿಳಿದ ಮೇಲೆಯೂ ಕಿರಿಯವಳು ತನ್ನ ಹಿತ್ತಿಲಿಗೆ ತಂದದ್ದು ಗ್ಯಾಸಿನ ಒಲೆಯನ್ನೇ.

ಹಿರಿಯವಳ ಸಾಧನಗಳು ಬೇರೆ. ತೆಂಗಿನ ಗೆರಟೆಯ ಇದ್ದಲು, ಹಳೆಯ ಕಬ್ಬಿಣದ ಅಗ್ಗಿಷ್ಟಿಕೆ, ಕಂಬಿಯ ಜಾಲರಿ, ಅಡಿಕೆ ಹಾಳೆಯ ಬೀಸಣಿಗೆ. ಇದ್ದಲನ್ನು ಹೊತ್ತಿಸಿ, ಅದು ಪೂರ್ತಿ ಕೆಂಪಾಗಿ ಮೇಲೆ ಬೂದಿಯ ತೆಳುವಾದ ಪದರು ಮೂಡುವ ವರೆಗೆ ಅರ್ಧ ಗಂಟೆಯಾದರೂ ಕಾಯಬೇಕು. ಅವಸರಪಟ್ಟವರ ಮೀನು ಹೊರಗೆ ಕರಿಯಾಗಿ ಒಳಗೆ ಹಸಿಯಾಗಿ ಉಳಿಯುವುದು. ಉಪ್ಪು, ಅರಸಿನ, ಮೆಣಸು, ಹುಣಿಸೆಯನ್ನು ಅರೆದು ಹಚ್ಚಿದ ಬಂಗುಡೆಯನ್ನು ಜಾಲರಿಯ ಮೇಲಿಟ್ಟರೆ, ಅದರ ಕೊಬ್ಬು ಕರಗಿ ಕೆಂಡದ ಮೇಲೆ ಬಿದ್ದು ಚುರ್ರೆನ್ನುವ ಸದ್ದಿಗೆ ಬೀದಿಯ ಬೆಕ್ಕುಗಳೆಲ್ಲ ನಮ್ಮ ಅಂಗಳಕ್ಕೆ ಬಂದು ಕುಳಿತುಕೊಳ್ಳುವುವು.

ವಾದವು ಬರಿಯ ಹಟದ್ದಲ್ಲ, ಅದರಲ್ಲಿ ಶಾಸ್ತ್ರವೂ ಇದೆ. ಗಾಳಿ ಸಾಲದಂತೆ ಮುಚ್ಚಿ ಮರವನ್ನು ಕಾಯಿಸಿದಾಗ ಅದರೊಳಗಿನ ನೀರೂ ಕೀಲೆಣ್ಣೆಯೂ ಹೊರಟುಹೋಗಿ ಬಹುಮಟ್ಟಿಗೆ ಇಂಗಾಲವೊಂದೇ ಉಳಿಯುವುದು. ಆದಕಾರಣ ಕೆಂಡದ ಕಾವು ಒಣಕಾವು. ಗ್ಯಾಸಾದರೋ ಪ್ರೊಪೇನು ಬ್ಯುಟೇನುಗಳ ಮಿಶ್ರಣ. ಅದು ಒಂದು ಕಿಲೋ ಉರಿದರೆ ಒಂದೂವರೆ ಕಿಲೋಗಿಂತಲೂ ಹೆಚ್ಚು ನೀರು ಆವಿಯಾಗಿ ಹೊರಡುತ್ತದೆ. ಕೆಂಡದಲ್ಲಿ ಸುಟ್ಟ ಹಪ್ಪಳದ ಗರಿಗರಿ ಗ್ಯಾಸಿನಲ್ಲಿ ಬಾರದೆಂದು ಹಿರಿಯವಳು ಸಾಧಿಸುವುದು ಇದೇ ಆಧಾರದಿಂದ. ಅದಕ್ಕೆ ಕಿರಿಯವಳ ಉತ್ತರವೂ ಇದೆ. ಸುಟ್ಟ ಮೀನಿಗೆ ಕಂಪು ಬರುವುದು ಇದ್ದಲಿನಿಂದಲ್ಲ, ಕಾದ ವಸ್ತುವಿನ ಮೇಲೆ ಬಿದ್ದು ಹೊಗೆಯಾದ ಕೊಬ್ಬಿನಿಂದ. ಗ್ಯಾಸಿನ ಒಲೆಯ ಕಾದ ಕಬ್ಬಿಣದ ಪಟ್ಟಿಗಳ ಮೇಲೆಯೂ ಕೊಬ್ಬು ಬೀಳುತ್ತದಲ್ಲವೇ? ಎರಡು ಮಾತುಗಳಲ್ಲಿಯೂ ಸತ್ಯವಿದೆ.

ಆದರೆ ನಿಜವನ್ನು ಹೇಳಬೇಕೆಂದರೆ, ಈ ಶಾಸ್ತ್ರವೆಲ್ಲ ನಾವು ತರುವಾಯ ಹುಡುಕಿಕೊಂಡದ್ದು. ನಮ್ಮ ಪಕ್ಷಗಳು ಹುಟ್ಟಿದ್ದು 1987ರ ಜುಲಾಯಿ ತಿಂಗಳ ಒಂದು ರಾತ್ರಿಯಲ್ಲಿ.

ಆಗ ಹಿರಿಯವಳು ಹತ್ತನೆಯ ತರಗತಿಯಲ್ಲಿಯೂ ಕಿರಿಯವಳು ಎಂಟನೆಯ ತರಗತಿಯಲ್ಲಿಯೂ ಇದ್ದರು. ಅಪ್ಪ ಕೆಲಸದ ಮೇಲೆ ಪರವೂರಿಗೆ ಹೋಗಿದ್ದರು. ಮೂರು ದಿನಗಳಿಂದ ಬಿಡದೆ ಸುರಿಯುವ ಮಳೆ, ವಿದ್ಯುದ್ದೀಪವಿಲ್ಲ, ಗ್ಯಾಸಿನ ಸಿಲಿಂಡರು ಅಂದೇ ಮುಗಿದಿತ್ತು. ಹಿರಿಯವಳು ಜಗಲಿಯಲ್ಲಿ ಅಗ್ಗಿಷ್ಟಿಕೆ ಹೊತ್ತಿಸಿ ಗಂಜಿ ಬೇಯಿಸಿದಳು, ಹಪ್ಪಳ ಸುಟ್ಟಳು. ಅಮ್ಮನಿಗೆ ಜ್ವರ ಬಂದು ಮೈ ನಡುಗುತ್ತಿತ್ತು. ಉಳಿದ ಕೆಂಡವು ಹೊಗೆಯಿಲ್ಲದೆ ಚೆನ್ನಾಗಿ ಕೆಂಪಾಗಿತ್ತು. ಹೊಗೆಯಿಲ್ಲದ ಮೇಲೆ ಅಪಾಯವೇನೆಂದು ಎಣಿಸಿ, ಅಮ್ಮನಿಗೆ ಬೆಚ್ಚಗಾಗಲಿ ಎಂದು, ಅವಳು ಅದನ್ನು ಒಳಕೋಣೆಗೆ ತಂದಿಟ್ಟಳು. ಮೇಲೆ ಹಲಗೆಯ ಮುಚ್ಚಿಗೆ. ಎರಚಲು ಬರುವುದೆಂದು ಕಿಟಕಿ ಬಾಗಿಲುಗಳನ್ನೆಲ್ಲ ಮುಚ್ಚಿದ್ದೆವು. ಮೂವರೂ ಅಲ್ಲಿಯೇ ಮಲಗಿದೆವು.

ಗಾಳಿ ಸಾಲದ ಕಡೆ ಇಂಗಾಲವು ಅರೆಬರೆ ಉರಿದು ಕಾರ್ಬನ್ ಮಾನಾಕ್ಸೈಡ್ ಎಂಬ ವಿಷವಾಯುವನ್ನು ಹುಟ್ಟಿಸುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ನಮ್ಮ ರಕ್ತದಲ್ಲಿನ ಹಿಮೋಗ್ಲೋಬಿನು ಆಮ್ಲಜನಕವನ್ನು ಹಿಡಿಯುವುದಕ್ಕಿಂತ ಇನ್ನೂರು ಪಾಲಿಗೂ ಮಿಕ್ಕಿದ ಬಲದಿಂದ ಈ ವಾಯುವನ್ನು ಹಿಡಿದುಕೊಳ್ಳುತ್ತದೆ. ಇಷ್ಟನ್ನೆಲ್ಲ ನಮ್ಮ ಶಾಲೆಯಲ್ಲಿ ಕಲಿಸಿದ್ದರು. ಆ ಪ್ರಶ್ನೆಗೆ ಹಿರಿಯವಳು ಪೂರ್ಣ ಅಂಕಗಳನ್ನೂ ಪಡೆದಿದ್ದಳು. ಪುಸ್ತಕದೊಳಗಿನ ಆ ವಾಯುವೂ ನಮ್ಮ ಮನೆಯ ಅಗ್ಗಿಷ್ಟಿಕೆಯೂ ಒಂದಕ್ಕೊಂದು ಸಂಬಂಧವುಳ್ಳವೆಂದು ಅವಳಿಗೆ ಆ ರಾತ್ರಿ ಹೊಳೆಯಲಿಲ್ಲ.

ನಡುರಾತ್ರಿಯಲ್ಲಿ ಕಿರಿಯವಳಿಗೆ ತಲೆಯೊಡೆಯುವ ನೋವಿನಿಂದ ಎಚ್ಚರವಾಯಿತು. ವಾಂತಿ ಬರುವಂತಾಗಿ, ನಿಲ್ಲಲು ಕಾಲು ಬಾರದೆ ತೆವಳಿಕೊಂಡು ಹೋಗಿ ಬಾಗಿಲು ತೆರೆದಳು. ಮಳೆಗಾಳಿ ಮುಖಕ್ಕೆ ಬಡಿದು ಸ್ವಲ್ಪ ಚೇತರಿಕೆಯಾದ ಮೇಲೆ ಅಮ್ಮನನ್ನು ಕರೆದಳು, ಅಕ್ಕನನ್ನು ಕರೆದಳು. ಉತ್ತರವಿಲ್ಲ. ಹಿಂದಿರುಗಿ ಹೋಗಿ ಮುಟ್ಟಿ ಅಲುಗಾಡಿಸಿದಳು. ಇಬ್ಬರೂ ಏಳಲಿಲ್ಲ. ಪಕ್ಕದ ಮನೆಯ ದೊಡ್ಡಮ್ಮನೂ ಅವರ ಮಕ್ಕಳೂ ಬೊಬ್ಬೆ ಕೇಳಿ ಓಡಿಬಂದು, ಇಬ್ಬರನ್ನೂ ಎತ್ತಿ ಜಗಲಿಗೆ ತಂದು, ಆಸ್ಪತ್ರೆಗೆ ಸಾಗಿಸಿದರು. ಅಲ್ಲಿ ಆಮ್ಲಜನಕವನ್ನು ಕೊಟ್ಟರು. ಬೆಳಗಾಗುವಷ್ಟರಲ್ಲಿ ಹಿರಿಯವಳು ಕಣ್ಣು ತೆರೆದಳು; ಅಮ್ಮ ತೆರೆದದ್ದು ಮಾರನೆಯ ಸಾಯಂಕಾಲ.

ಹಿರಿಯವಳು ಆ ಹೊತ್ತನ್ನು ಕಂಡವಳಲ್ಲ. ಕಿರಿಯವಳು ಕಂಡವಳು. ಇಂದಿಗೂ ಕೆಂಡವು ಕೆಂಪಗೆ ಹೊಳೆಯುವುದನ್ನು ಕಂಡರೆ ಕಿರಿಯವಳ ಅಂಗೈ ತಣ್ಣಗಾಗುತ್ತದೆ. ಗ್ಯಾಸು ಸೋರಿದರೆ ಮೂಗಿಗೆ ತಿಳಿಯಲೆಂದು ತಯಾರಿಸುವವರೇ ಅದಕ್ಕೆ ಒಂದು ದುರ್ಗಂಧವನ್ನು ಕೂಡಿಸಿರುತ್ತಾರೆ. ಕೆಂಡಕ್ಕೆ ಹಾಗೆ ಕೂಡಿಸಿದವರು ಯಾರೂ ಇಲ್ಲವೆಂಬುದು ಅವಳ ಮಾತು. ಗಾಳಿಯಿಲ್ಲದ ಕಡೆ ಉರಿಸಿದರೆ ಗ್ಯಾಸಿನಿಂದಲೂ ಅದೇ ವಿಷವು ಹುಟ್ಟುವುದೆಂದೂ, ಬಾರ್ಬೆಕ್ಯೂ ಒಲೆ ಯಾವುದೇ ಆಗಲಿ ಮನೆಯೊಳಗೆ ತರತಕ್ಕದ್ದಲ್ಲವೆಂದೂ ಅವಳು ಬಲ್ಲಳು. ಬಲ್ಲುದರಿಂದ ಅಂಗೈ ಬೆಚ್ಚಗಾಗುವುದಿಲ್ಲ. ಹಿರಿಯವಳಾದರೋ ಇದ್ದಲನ್ನು ಬಿಡಲೊಲ್ಲಳು. ಆದರೆ ಹೊತ್ತಿಸುವುದು ಅಂಗಳದ ನಡುವೆ ಮಾತ್ರ. ಊಟವು ಆರಿಹೋದರೂ ಚಿಂತೆಯಿಲ್ಲ, ಕಡೆಯ ಕೆಂಡಕ್ಕೆ ನೀರು ಸುರಿದು, ಬೂದಿಯನ್ನು ಕಡ್ಡಿಯಿಂದ ಕೆದಕಿ ನೋಡಿದ ಹೊರತು ಅವಳು ಒಳಗೆ ಬರುವವಳಲ್ಲ. ಏಕೆ ಬಿಡುವುದಿಲ್ಲವೆಂದು ತಂಗಿ ಒಮ್ಮೆ ಕೇಳಿದ್ದಕ್ಕೆ, "ಬಿಟ್ಟರೆ ತಪ್ಪು ಬೆಂಕಿಯದಾಗುತ್ತದೆ, ತಂಗಿ" ಎಂದಳು.

ಇದರಲ್ಲಿ ಇನ್ನೊಂದು ವಿಚಿತ್ರವುಂಟು. ಅಮ್ಮನಿಗೆ ಆ ವಾರದ ನೆನಪು ಪೂರ್ತಿಯಾಗಿ ಅಳಿಸಿಹೋಯಿತು. ಮನೆಗೆ ಬಂದ ಮೇಲೆ ಅವರು ಕಂಡದ್ದು ಅಡಿಗೆಮನೆಯಲ್ಲಿ ಬಿದ್ದಿದ್ದ ಬರಿದಾದ ಸಿಲಿಂಡರನ್ನು. ಗ್ಯಾಸು ಸೋರಿ ನಾವು ಸಾಯಲಿದ್ದೆವೆಂದು ಅವರು ತಾವಾಗಿಯೇ ನಿಶ್ಚಯಿಸಿಕೊಂಡರು. ಅಪ್ಪನಿಗೂ ಬಂಧುಗಳಿಗೂ ಹಾಗೆಯೇ ಹೇಳಿದರು. ನಾವು ತಿದ್ದಲಿಲ್ಲ. ತಿದ್ದಿದರೆ ಅಕ್ಕನ ಹೆಸರನ್ನು ಹೇಳಬೇಕಾಗುತ್ತಿತ್ತು. ಹೀಗಾಗಿ ಏನೂ ಮಾಡದ ಗ್ಯಾಸು ನಮ್ಮ ಮನೆಯಲ್ಲಿ ಇಷ್ಟು ಕಾಲ ಅಪರಾಧಿಯಾಗಿ ನಿಂತಿದೆ. ಅಮ್ಮ ಇಂದಿಗೂ ಅಡಿಗೆಮನೆಗೆ ಕಾಲಿಡುವ ಮೊದಲು ಮೂಗೆತ್ತಿ ಮೂಸಿ ನೋಡುತ್ತಾರೆ.

ಹೋದ ಡಿಸೆಂಬರದ ರಜೆಯಲ್ಲಿ ಕಿರಿಯವಳು ಊರಿಗೆ ಬಂದಾಗ ಗ್ಯಾಸಿನ ಚಿಕ್ಕದೊಂದು ಸುಡುವ ಒಲೆಯನ್ನು ಕೊಂಡುತಂದಳು. ಅಂಗಳದಲ್ಲಿ ಎರಡು ಒಲೆಗಳೂ ಎದುರುಬದುರಾದುವು. ಪರೀಕ್ಷೆಯ ಫಲವನ್ನು ಪಕ್ಷಪಾತವಿಲ್ಲದೆ ತಿಳಿಸುತ್ತೇವೆ. ಬಾಳೆಲೆಯಲ್ಲಿ ಸುತ್ತಿ ಸುಟ್ಟ ಬಂಗುಡೆಗಳಲ್ಲಿ ಯಾವುದು ಯಾವ ಒಲೆಯದೆಂದು ಯಾರಿಂದಲೂ ಹೇಳಲಾಗಲಿಲ್ಲ, ಎಲೆಯ ಕಂಪೇ ಮೇಲಾಗಿತ್ತು. ಬರಿಯ ಜಾಲರಿಯ ಮೇಲೆ ಸುಟ್ಟುದರಲ್ಲಿ ಇದ್ದಲಿನ ಪಕ್ಷವು ಗೆದ್ದಿತು. ಬದನೆಕಾಯಿಯಲ್ಲಂತೂ ಗ್ಯಾಸಿನವಳೇ ಸೋಲನ್ನೊಪ್ಪಿ ಎರಡನೆಯ ಸಲ ಕೆಂಡದ ಗೊಜ್ಜನ್ನು ಬಡಿಸಿಕೊಂಡಳು. ಮಳೆ ಬಂದರೆ, ಕೆಲಸದಿಂದ ದಣಿದು ಬಂದರೆ, ಹತ್ತು ನಿಮಿಷದಲ್ಲಿ ಕಾಯುವ ಗ್ಯಾಸೇ ಸರಿಯೆಂದು ಹಿರಿಯವಳೂ ಒಪ್ಪಿದಳು.

ಅಮ್ಮ ಮಾತ್ರ ಗ್ಯಾಸಿನ ಒಲೆಯತ್ತ ಕುರ್ಚಿಯನ್ನು ತಿರುಗಿಸಲೇ ಇಲ್ಲ. "ಅದು ಒಂದು ಸಲ ನಮ್ಮನ್ನು ಕೊಲ್ಲಲು ನೋಡಿತ್ತು, ಮಗಳೇ" ಎಂದರು. ನಾವು ಒಬ್ಬರ ಮುಖವನ್ನೊಬ್ಬರು ನೋಡಿದೆವು. ಅಂದು ರಾತ್ರಿ ಅಮ್ಮ ಮಲಗಿದ ಮೇಲೆ, ಇಷ್ಟು ವರುಷಗಳಲ್ಲಿ ಮೊದಲ ಸಲ, ಜಗಲಿಯಲ್ಲಿ ಕುಳಿತು ಆ ಜುಲಾಯಿಯ ಮಾತನ್ನು ಮೊದಲಿನಿಂದ ಕೊನೆಯ ವರೆಗೆ ಆಡಿದೆವು. ಬಾಗಿಲ ಬಳಿಯಿಂದ ಕರೆದಾಗ ಉತ್ತರ ಬಾರದೆ ಇದ್ದುದನ್ನು ತಂಗಿ ಹೇಳಿದಳು. ಅಕ್ಕ ಅದನ್ನು ಅಂದೇ ಕೇಳಿದ್ದು.

ಅಮ್ಮನ ಕಣ್ಣು ಈಗ ಮಂಜಾಗಿದೆ. ಪತ್ರಿಕೆಯಾಗಲಿ ಪುಸ್ತಕವಾಗಲಿ ನಾವು ಓದಿ ಹೇಳಬೇಕು. ಶಾಲೆಯಿಂದ ಬರುವ ಈ ಸಂಚಿಕೆಯನ್ನಂತೂ ಮೊದಲ ಪುಟದಿಂದ ಜಾಹೀರಾತುಗಳ ವರೆಗೂ ಓದಿಸುತ್ತಾರೆ. ಈ ಪುಟಗಳು ಬಂದಾಗ ಹಾರಿಸಿಬಿಡಬಹುದೆಂದು ಕಿರಿಯವಳು ಸೂಚಿಸಿದಳು. ಹಿರಿಯವಳು ಒಪ್ಪಲಿಲ್ಲ. ತಾನೇ ಓದುವೆನೆಂದು ಹೇಳಿದ್ದಾಳೆ.