ಟವೆಲ್ಲು ತಲೆ ಮೇಲಿರಲಿ



ಹೋಬಳಿ ಮಟ್ಟದ ಕ್ರೀಡಾಕೂಟಗಳು ಶುರುವಾಗಿವೆ. ಇದಾದ ಮೇಲೆ ತಾಲ್ಲೂಕು, ಆಮೇಲೆ ಜಿಲ್ಲೆ. ನಮ್ಮ ಕೇರಿಗಳ ಮಕ್ಕಳು ಖೋ-ಖೋ, ಕಬಡ್ಡಿ, ಓಟ, ಉದ್ದಜಿಗಿತ ಅಂತ ಬೆಳಕು ಹರಿಯೋ ಮೊದಲೇ ಎದ್ದು ಅಭ್ಯಾಸ ಮಾಡ್ತಿದ್ದಾರೆ. ಆದರೆ ಇವತ್ತು ನಾನು ಬರೀತಿರೋದು ಆಡೋ ಮಕ್ಕಳ ಬಗ್ಗೆ ಅಲ್ಲ, ಆಟ ನೋಡೋಕೆ ಹೋಗೋ ಅಪ್ಪ-ಅವ್ವಂದಿರ ಬಗ್ಗೆ. ಅವರು ಏನು ಹಾಕ್ಕೊಂಡು ಹೋಗಬೇಕು ಅನ್ನೋದರ ಬಗ್ಗೆ.

ನಗಬೇಡಿ. "ಭೂಮಿ, ಬಡ್ತಿ ಮೀಸಲಾತಿ, ಸ್ಕಾಲರ್‌ಶಿಪ್ ಇಷ್ಟೆಲ್ಲ ಸಮಸ್ಯೆ ಇರುವಾಗ ಇವನಿಗೆ ಬಟ್ಟೆ ಚಿಂತೆ" ಅಂತ ನಮ್ಮ ಸಂಘಟನೆಯ ಗೆಳೆಯರೇ ಬೈತಾರೆ, ಗೊತ್ತು. ಪೂರ್ತಿ ಓದಿ ಆಮೇಲೆ ಬೈಯಿರಿ.

ನಮ್ಮ ಕಡೆ ಹೋಬಳಿ ಕ್ರೀಡಾಕೂಟ ಅಂದ್ರೆ ಒಂದು ಹೈಸ್ಕೂಲ್ ಮೈದಾನ, ಒಂದು ಶಾಮಿಯಾನ, ಒಂದು ಮೈಕು. ಶಾಮಿಯಾನದ ಕೆಳಗೆ ಅತಿಥಿಗಳು, ಪಂಚಾಯ್ತಿಯವರು, ದಾನಿಗಳು. ಉಳಿದವರಿಗೆಲ್ಲ ಸುಣ್ಣದ ಗೆರೆಯಾಚೆ ಬಯಲು. ಒಂಬತ್ತು ಗಂಟೆ ಅಂತ ಕರಪತ್ರದಲ್ಲಿ ಇರುತ್ತೆ. ಪ್ರಾರ್ಥನೆ, ಸ್ವಾಗತ, ಹಾರ, ಭಾಷಣ ಮುಗಿದು ಮೊದಲ ಸೀಟಿ ಊದೋಷ್ಟರಲ್ಲಿ ಹನ್ನೊಂದೂವರೆ. ಮುಗಿಯೋದು ಸಂಜೆ ಐದಕ್ಕೆ. ಮೋಡದ ಸಂದಿಯಿಂದ ಬರೋ ಬಿಸಿಲು ನೆತ್ತಿ ಸುಡುತ್ತೆ, ಮಧ್ಯಾಹ್ನ ಇದ್ದಕ್ಕಿದ್ದಂಗೆ ಸೋನೆ ಹಿಡಿಯುತ್ತೆ, ಮೈದಾನ ಕೆಮ್ಮಣ್ಣು ಕೆಸರಾಗುತ್ತೆ. ಶಾಮಿಯಾನದೊಳಗೆ ಕುರ್ಚಿ ಇಲ್ಲದವನಿಗೆ ಮೈಮೇಲಿರೋದೇ ಶಾಮಿಯಾನ.

ಅಷ್ಟು ಹೊತ್ತು ಆರಾಮಾಗಿ ನಿಲ್ಲಬೇಕು ಅಂದ್ರೆ ಏನು ಬೇಕು? ತಲೆಗೆ ಒಂದು ಟವೆಲ್ಲೋ ಟೋಪಿಯೋ. ಕಾಲಿಗೆ ಶೂ ಅಥವಾ ಗಟ್ಟಿ ಚಪ್ಪಲಿ. ಕೈಯಲ್ಲಿ ಒಂದು ಕೊಡೆ. ಮೈತುಂಬ ಸಡಿಲವಾದ ಕಾಟನ್ ಬಟ್ಟೆ. ಇದ್ದರೆ ಒಂದು ಕೂಲಿಂಗ್ ಗ್ಲಾಸ್. ಚೀಲದಲ್ಲಿ ಕುಡಿಯೋ ನೀರು.

ಈಗ ಈ ಪಟ್ಟಿಯನ್ನ ಇನ್ನೊಂದು ಸಲ ಓದಿ. ನಮ್ಮ ಹಿರಿಯರಿಗೆ ಯಾವ್ಯಾವುದು ಬೇಡ ಅಂದಿದ್ರೋ ಅದೇ ಪಟ್ಟಿ ಇದು.

ಟವೆಲ್ಲು. ನಮ್ಮಪ್ಪ ಕೇರಿ ದಾಟಿ ಊರೊಳಗಿನ ಬೀದಿಗೆ ಕಾಲಿಟ್ಟ ಕೂಡಲೇ ಹೆಗಲ ಮೇಲಿದ್ದ ಟವೆಲ್ಲನ್ನ ಕಂಕುಳಿಗೆ ಇಳಿಸ್ತಿದ್ದರು. ನಾನು ನೋಡೋ ಕಾಲಕ್ಕೆ ಯಾರೂ ಬಾಯಿಬಿಟ್ಟು ಹೇಳ್ತಿರಲಿಲ್ಲ, ಕೈ ತಾನೇ ಹೋಗ್ತಿತ್ತು. ಚಪ್ಪಲಿ. ಅದೇ ಬೀದೀಲಿ ಅದು ಕಾಲಿಂದ ಕೈಗೆ ಬರ್ತಿತ್ತು. ಕೊಡೆ. ಕೇರಳದ ತಿರುವಾಂಕೂರಿನಲ್ಲಿ ಕೊಡೆ ಹಿಡಿಯೋಕೂ ಜಾತಿ ಕಟ್ಟಳೆ ಇತ್ತು, ಹೆಂಗಸರು ಎದೆ ಮುಚ್ಚೋಕೂ ಜಾತಿ ಕಟ್ಟಳೆ ಇತ್ತು. ನೀರು. ಅದಕ್ಕೋಸ್ಕರ ಬಾಬಾಸಾಹೇಬರು 1927ರ ಮಾರ್ಚ್ 20ರಂದು ಮಹಾಡದ ಚವದಾರ್ ಕೆರೆಗೆ ಇಳಿಯಬೇಕಾಯ್ತು. ಇನ್ನು ಕೂಲಿಂಗ್ ಗ್ಲಾಸ್. ಅದು ಹಳೇ ಕಾಲದ ಮಾತೇ ಅಲ್ಲ. 2023ರಲ್ಲಿ ಗುಜರಾತಿನ ಬನಾಸ್ಕಾಂಠಾ ಜಿಲ್ಲೆಯಲ್ಲಿ ಒಳ್ಳೇ ಬಟ್ಟೆ ಹಾಕಿ ಕಪ್ಪು ಕನ್ನಡಕ ಹಾಕಿದ್ದಕ್ಕೆ ನಮ್ಮ ಹುಡುಗನೊಬ್ಬನಿಗೆ ಹೊಡೆದ ಸುದ್ದಿ ಪೇಪರ್‌ನಲ್ಲೇ ಬಂದಿತ್ತು.

1955ರ ಅಸ್ಪೃಶ್ಯತಾ ಅಪರಾಧಗಳ ಕಾಯ್ದೆ ನೋಡಿ, ಈಗ ನಾಗರಿಕ ಹಕ್ಕುಗಳ ಸಂರಕ್ಷಣಾ ಕಾಯ್ದೆ ಅಂತ ಕರೀತೀವಲ್ಲ ಅದು. ನಾಲ್ಕನೇ ಕಲಮಿನಲ್ಲಿ ಅಂಗಡಿ, ಹೋಟೆಲು, ಬಾವಿ, ಸ್ಮಶಾನ ಎಲ್ಲ ಹೇಳಿ ಕೊನೆಗೆ ಒಡವೆ ಮತ್ತು ಅಲಂಕಾರದ ಉಡುಗೆ ತೊಡೋದನ್ನ ತಡೆಯೋದೂ ಅಪರಾಧ ಅಂತ ಬರೆದಿದ್ದಾರೆ. ಇಪ್ಪತ್ತು ವರ್ಷದಿಂದ ಫೈಲು ನೋಡ್ತಿರೋ ಗುಮಾಸ್ತ ನಾನು. ಯಾವ ಕಾನೂನೂ ಸುಮ್ಮನೆ ಒಂದು ಸಾಲು ಜಾಸ್ತಿ ಬರೆಯಲ್ಲ. ಒಂದು ಮನುಷ್ಯ ಚೆನ್ನಾಗಿ ಬಟ್ಟೆ ಹಾಕ್ಕೊಳ್ಳೋಕೆ ಪಾರ್ಲಿಮೆಂಟು ಕಲಮು ಬರೀಬೇಕಾದ ದೇಶ ನಮ್ಮದು. ಅದಕ್ಕೇ ಬಟ್ಟೆ ಮಾತು ಸಣ್ಣ ಮಾತಲ್ಲ ಅಂದದ್ದು.

ನಾನು ಏಳನೇ ಕ್ಲಾಸಲ್ಲಿ ಓಡಿದ್ದೆ, 400 ಮೀಟರ್. ಎರಡನೇ ಸ್ಥಾನ ಬಂತು, ಬಹುಮಾನ ಒಂದು ಸ್ಟೀಲ್ ತಟ್ಟೆ. ಮನೆಗೆ ಬಂದು ತೋರಿಸಿದ್ರೆ ಅವ್ವ, "ನೋಡ್ದೆ ಕಣ್ ಮಗ, ಕೊನೇ ಸುತ್ತಲ್ಲಿ ಇಬ್ಬರನ್ನ ಹಿಂದಾಕ್ದೆ" ಅಂದಳು. ಎಲ್ಲಿಂದ ನೋಡಿದೆ ಅಂದ್ರೆ, ಕಾಂಪೌಂಡ್ ಆಚೆ ಹುಲ್ಲಿನ ಹೊರೆ ಇಳಿಸಿ, ಅದರ ಮೇಲೆ ನಿಂತು ನೋಡಿದ್ದಳು. ಒಳಕ್ಕೆ ಯಾಕೆ ಬರಲಿಲ್ಲ ಅಂತ ಕೇಳಿದೆ. "ಈ ಸೀರೇಲಿ ಹೆಂಗ್ ಬರ್ಲಿ?" ಅಂದಳು. ಗೇಟಲ್ಲಿ ಯಾರೂ ಅವಳನ್ನ ತಡೆದಿರಲಿಲ್ಲ. ತಡೆಯೋ ಕೆಲಸವನ್ನ ಆ ಹರಿದ ಸೀರೆಗೇ ವಹಿಸಿಕೊಟ್ಟಿದ್ದರು.

ಅದೇ 1927ರ ಡಿಸೆಂಬರ್‌ನಲ್ಲಿ, ಮನುಸ್ಮೃತಿ ಸುಟ್ಟ ಮೇಲೆ, ಬಾಬಾಸಾಹೇಬರು ಮಹಾಡದಲ್ಲಿ ಹೆಣ್ಣುಮಕ್ಕಳನ್ನೇ ಕೂರಿಸಿಕೊಂಡು ಮಾತಾಡಿದ್ದರು. ಅಷ್ಟು ದೊಡ್ಡ ಹೋರಾಟದ ನಡುವೆ ಅವರು ಹೇಳಿದ್ದು ಸೀರೆ ಉಡೋ ರೀತಿ ಬಗ್ಗೆ. ತೇಪೆ ಇದ್ದರೂ ಚಿಂತೆ ಇಲ್ಲ, ಬಟ್ಟೆ ಶುಚಿಯಾಗಿರಲಿ, ನೀವು ಏನು ಉಡಬೇಕು ಏನು ತೊಡಬೇಕು ಅನ್ನೋದನ್ನ ತಡೆಯೋ ಹಕ್ಕು ಯಾರಿಗೂ ಇಲ್ಲ ಅನ್ನೋ ಅರ್ಥದ ಮಾತು. ಗಾಂಧೀಜಿ 1921ರಲ್ಲಿ ಮದುರೆಯಲ್ಲಿ ಅಂಗಿ ಬಿಟ್ಟು ತುಂಡುಬಟ್ಟೆ ಉಟ್ಟರು, ದೇಶ ಕೈಮುಗಿಯಿತು. ಬಾಬಾಸಾಹೇಬರು ಕೋಟು ಹಾಕಿದ್ದಕ್ಕೆ ಇವತ್ತಿಗೂ ಕೆಲವರಿಗೆ ಕಣ್ಣುರಿ. ಬಿಚ್ಚಿ ಹಾಕೋಕೆ ಮೊದಲು ಮೈಮೇಲೆ ಇರಬೇಕಲ್ಲ ಸ್ವಾಮಿ.

ಹೋದ ವರ್ಷ ಮಗಳ ಖೋ-ಖೋ ಪಂದ್ಯಕ್ಕೆ ಅರ್ಧ ದಿನ ರಜೆ ಹಾಕಿ ಹೊರಟಿದ್ದೆ. ತಿಳಿ ನೀಲಿ ಕಾಟನ್ ಅಂಗಿ, ಇಸ್ತ್ರಿ ಮಾಡಿದ್ದು. ಕಂದು ಪ್ಯಾಂಟು, ಕ್ಯಾನ್ವಾಸ್ ಶೂ, ಟೋಪಿ. ಆಫೀಸಲ್ಲಿ ಒಬ್ಬರು ಮೇಲಿಂದ ಕೆಳಗಿನ ತನಕ ನೋಡಿ, "ಏನ್ ಸಾರ್ ಟಿಪ್‌ಟಾಪ್! ಈಗ ನಿಮ್ಮೋರೇ ನಮಗಿಂತ ಚೆನ್ನಾಗವ್ರೆ ಬಿಡಿ" ಅಂದ್ರು. ನಗುನಗುತಾನೇ ಅಂದ್ರು. ನಾನೂ ನಗುನಗುತಾ, "ಇಸ್ತ್ರಿ ಪೆಟ್ಟಿಗೆ ಜಾತಿ ಸರ್ಟಿಫಿಕೇಟ್ ಕೇಳಲ್ಲ ಸಾರ್" ಅಂದೆ. ಪಕ್ಕದ ಟೇಬಲ್ಲಿನ ಮೇಡಮ್ಮು ಫೈಲು ಅಡ್ಡ ಹಿಡ್ಕೊಂಡು ನಕ್ಕರು.

ಮೈದಾನದಲ್ಲಿ ನಮ್ಮ ಬೀದಿಯ ಒಬ್ಬ ತಂಗಿ ಸಿಕ್ಕಿದಳು. ಪೌರಕಾರ್ಮಿಕಳು. ಬೆಳಗಿನ ಜಾವದ ಡ್ಯೂಟಿ ಮುಗಿಸಿ, ಹೊಳೆಯೋ ಪಟ್ಟಿಯ ಜಾಕೆಟ್ಟಲ್ಲೇ ಗೇಟಿನ ಹತ್ತಿರ ನಿಂತಿದ್ದಳು. ಯಾಕಮ್ಮ ಒಳಗೆ ಬಾ ಅಂದ್ರೆ, "ಮಗಳು ಬರಬೇಡ ಅಂದವ್ಳೆ ಅಣ್ಣ. ಈ ಜಾಕೆಟ್ಟು ನೋಡಿದ್ರೆ ಹುಡುಗ್ರು ಅವಳನ್ನ ಆಡ್ಕೊತಾರಂತೆ" ಅಂದಳು. ಚೀಲದಲ್ಲಿ ಬೇರೆ ಸೀರೆ ತಂದಿದ್ದಳು. ಬದಲಾಯಿಸೋಕೆ ಅಷ್ಟು ದೊಡ್ಡ ಮೈದಾನದಲ್ಲಿ ಹೆಂಗಸರಿಗೆ ಒಂದು ಮರೆ ಇರಲಿಲ್ಲ.

ಆ ಜಾಕೆಟ್ಟಲ್ಲಿ ನಾಚಿಕೆಪಡೋ ಅಂಥದ್ದು ಏನೂ ಇಲ್ಲ ಅಂತ ನಾನು ವೇದಿಕೆ ಮೇಲೆ ಹತ್ತು ಸಲ ಭಾಷಣ ಮಾಡಬಹುದು. ನಾಚಿಕೆ ಆಗಬೇಕಾದ್ದು ಆಡಿಕೊಳ್ಳೋರಿಗೆ. ಆದರೆ ಹನ್ನೆರಡು ವರ್ಷದ ಹುಡುಗಿ, ಇನ್ನರ್ಧ ಗಂಟೆಗೆ ಅಂಕಣಕ್ಕೆ ಇಳಿಯೋಳು, ಅವಳ ತಲೆ ಮೇಲೆ ಆ ಹೋರಾಟವನ್ನೂ ಹೊರಿಸೋದು ಸರಿಯಲ್ಲ ಅನ್ನಿಸ್ತು. ನನ್ನ ಹೆಂಡತಿ ಅವಳನ್ನ ಹತ್ತಿರದಲ್ಲೇ ಇದ್ದ ನಮ್ಮ ನೆಂಟರ ಮನೆಗೆ ಕರ್ಕೊಂಡು ಹೋದಳು. ಮುಖ ತೊಳೆದು, ಹಸಿರು ಕಾಟನ್ ಸೀರೆ ಉಟ್ಟು ಬಂದಳು. ಹಳೇದೇ, ಒಗೆದು ಒಗೆದು ಮೆತ್ತಗಾಗಿದ್ದು.

ಖೋ-ಖೋ ನೋಡಿದವರಿಗೆ ಗೊತ್ತು, ಹಿಡಿಯೋ ತಂಡದ ಎಂಟು ಜನ ಅಂಕಣದ ನಡುವೆ ಒಬ್ಬರು ಈ ಕಡೆ ಒಬ್ಬರು ಆ ಕಡೆ ಮುಖ ಮಾಡಿ ಕೂರ್ತಾರೆ. ಹಂಗೆ ಕೂತ ಮಗೂಗೆ ಗೆರೆಯಾಚೆ ನಿಂತವರ ಮುಖ ನೇರವಾಗಿ ಕಾಣುತ್ತೆ. ಆ ಹುಡುಗಿ ಕೂತಲ್ಲಿಂದ ತಲೆ ಎತ್ತಿದಳು, ಅವ್ವನ್ನ ನೋಡಿದಳು, ಬೆನ್ನು ನೆಟ್ಟಗಾಯ್ತು. ವಿರಾಮದಲ್ಲಿ ಓಡಿ ಬಂದು ನೀರು ಕುಡಿದು ಅದೇ ಸೆರಗಲ್ಲಿ ಮುಖ ಒರೆಸ್ಕೊಂಡಳು. ಆ ದಿನ ಅವರ ತಂಡ ಸೋತಿತು. ಅದು ಬೇರೆ ಮಾತು.

ಅದಕ್ಕೇ ನಾಲ್ಕು ಮಾತು, ಉಪಯೋಗಕ್ಕೆ ಬರೋ ಅಂಥವು.

ಬಟ್ಟೆ ಕಾಟನ್ ಇರಲಿ. ಪಾಲಿಯೆಸ್ಟರ್ ಮಿರಮಿರ ಅನ್ನುತ್ತೆ, ಬಿಸಿಲಲ್ಲಿ ಮೈಗೆ ಅಂಟಿಕೊಳ್ಳುತ್ತೆ, ಮಗುವಿನ ಬೆವರನ್ನಂತೂ ಹೀರಲ್ಲ. ಅಂಗಿ ತಿಳಿ ಬಣ್ಣದ್ದು, ತುಂಬುತೋಳಿಂದು. ಪ್ಯಾಂಟು ಮಾತ್ರ ಬಿಳೀದು ಬೇಡ, ಕೆಮ್ಮಣ್ಣಿನ ಕಲೆ ಏಳು ಸಲ ಒಗೆದರೂ ಹೋಗಲ್ಲ. ಕಂದು, ಬೂದು ಒಳ್ಳೇದು. ಅಕ್ಕತಂಗಿಯರು ಸೀರೆ ಉಟ್ಟರೆ ನೆರಿಗೆ ಒಂದು ಬೆರಳು ಮೇಲಕ್ಕಿರಲಿ, ಸೆರಗಿಗೆ ಪಿನ್ನಿರಲಿ, ಮಗಳು ಗೆದ್ದಾಗ ಎರಡೂ ಕೈ ಎತ್ತಿ ಕುಣಿಯಬೇಕಲ್ಲ. ಚೂಡಿದಾರ್ ಆರಾಮ ಅನ್ನಿಸಿದ್ರೆ ಅದೇ ಹಾಕಿ, ಅತ್ತೆ ಏನಂತಾಳೋ ಅನ್ನೋದು ಮನೇಲಿರಲಿ. ಹವಾಯಿ ಚಪ್ಪಲಿ ಬೇಡ, ಕೆಸರನ್ನ ಬೆನ್ನ ತನಕ ಸಿಡಿಸುತ್ತೆ, ನೆಗ್ಗಿಲು ಮುಳ್ಳಿಗೂ ತಡೆಯಲ್ಲ. ಸಂತೇಲಿ ಮುನ್ನೂರು ರೂಪಾಯಿಗೆ ಕ್ಯಾನ್ವಾಸ್ ಶೂ ಸಿಗುತ್ತೆ, ಸೀರೆ ಮೇಲೂ ನಡೆಯುತ್ತೆ.

ಸಾಲ ಮಾಡಿ ಮಾತ್ರ ತರಬೇಡಿ. ಸಂಘದ ಸಾಲ ಎತ್ತಿ ಕ್ರೀಡಾಕೂಟಕ್ಕೆ ರೇಷ್ಮೆ ಸೀರೆ ಉಡೋದು ಸ್ವಾಭಿಮಾನ ಅಲ್ಲ, ಅದು ಬಡ್ಡಿ ಅಂಗಡಿಯವನಿಗೆ ಮಾಡೋ ಸೇವೆ. ಒಗೆದ ಬಟ್ಟೆ, ಬಾಚಿದ ತಲೆ, ಕಿತ್ತು ಹೋಗಿರೋ ಗುಂಡಿ ಹಿಂದಿನ ರಾತ್ರಿಯೇ ಹೊಲಿದಿರೋದು, ಇಷ್ಟಾದರೆ ಠೀವಿ ತಾನೇ ಬರುತ್ತೆ.

ಒಂದು ಹೆಸರು ನೆನಪಿಡಿ, ಪಲ್ವಂಕರ್ ಬಾಲೂ. ನಮ್ಮ ಧಾರವಾಡದಲ್ಲಿ ಹುಟ್ಟಿದ ಚಮ್ಮಾರ ಸಮುದಾಯದ ಹುಡುಗ, ಪುಣೆಯ ಕ್ಲಬ್ಬಿನಲ್ಲಿ ಪಿಚ್ ನೋಡಿಕೊಳ್ಳೋ ಕೆಲಸ ಮಾಡ್ತಾ ಬೌಲರ್ ಆದವರು. 1911ರ ಇಂಗ್ಲೆಂಡ್ ಪ್ರವಾಸದಲ್ಲಿ ನೂರಕ್ಕೂ ಹೆಚ್ಚು ವಿಕೆಟ್ ಕಿತ್ತರು. ಪುಣೆಯಲ್ಲಿ ಮೈದಾನದೊಳಗೆ ಎಲ್ಲರ ಹಾಗೇ ಬಿಳಿ ಬಟ್ಟೆ, ಟೀ ಹೊತ್ತಿಗೆ ಮಾತ್ರ ಅವರಿಗೆ ಪೆವಿಲಿಯನ್ ಹೊರಗೆ ಬೇರೆ ಮಣ್ಣಿನ ಲೋಟ. ಆಡೋರಿಗೇ ಹಂಗೆ ಮಾಡಿದವರು ನೋಡೋಕೆ ಬಂದ ಅವರ ಜನರನ್ನ ಎಲ್ಲಿ ನಿಲ್ಲಿಸಿರಬಹುದು ಅಂತ ಯೋಚಿಸಿ. ಇವತ್ತು ಕಾಲ ಬದಲಾಗಿದೆ. 2025ರ ಜನವರಿಯಲ್ಲಿ ದೆಹಲಿಯಲ್ಲಿ ಮೊದಲ ಖೋ-ಖೋ ವಿಶ್ವಕಪ್ ನಡೆದು ಭಾರತದ ಗಂಡು-ಹೆಣ್ಣು ಎರಡೂ ತಂಡ ಗೆದ್ದವು. ಗೆದ್ದ ಹೆಣ್ಣುಮಕ್ಕಳಲ್ಲಿ ತಿ. ನರಸೀಪುರ ತಾಲ್ಲೂಕು ಕುರುಬೂರಿನ ಚೈತ್ರಾ ಒಬ್ಬರು. ಹಳ್ಳಿ ಮೈದಾನದಿಂದ ಅಲ್ಲಿ ತನಕ ದಾರಿ ಇದೆ. ಆ ದಾರಿಯ ಮೊದಲ ಗೆರೆ ಪಕ್ಕ ನಿಲ್ಲಬೇಕಾದವರು ನಾವು.

ಅವ್ವನಿಗೆ ಈಗ ಎಪ್ಪತ್ತು ದಾಟಿದೆ. ಈ ಸಲ ಮೊಮ್ಮಗಳ ಪಂದ್ಯಕ್ಕೆ ತಾನೂ ಬರ್ತೀನಿ ಅಂತ ಹೇಳಿ ಶೂ ಅಳತೆಗೆ ಕಾಲು ಕೊಟ್ಟಿದ್ದಾಳೆ. ನೀವೂ ನಿಮ್ಮನೆ ಹಿರಿಯರನ್ನ ಕರೆತನ್ನಿ. ಶಾಮಿಯಾನದಲ್ಲಿ ಖಾಲಿ ಕುರ್ಚಿ ಇದ್ದರೆ ಮೊದಲು ಅವರನ್ನ ಕೂರಿಸಿ, ಯಾರಾದರೂ ಯಾಕೆ ಅಂದ್ರೆ ವಯಸ್ಸಾಗಿದೆ ಅನ್ನಿ, ಅಷ್ಟು ಸಾಕು. ಮೈದಾನದಲ್ಲಿ ಹೆಂಗಸರಿಗೆ ಶೌಚಾಲಯ, ಬಟ್ಟೆ ಬದಲಾಯಿಸೋ ಒಂದು ರೂಮು ಇರಲಿ ಅಂತ ಪ್ರತಿ ಹೋಬಳಿಯಿಂದ ಬಿಇಒ ಅವರಿಗೆ ಒಂದು ಅರ್ಜಿ ಕೊಡಿ. ಅರ್ಜಿ ನಮೂನೆ ನಾನು ಬರೆದಿಟ್ಟಿದ್ದೀನಿ, ಬೇಕಾದವರು ಕೇಳಿ, ಕಳಿಸ್ತೀನಿ. ಸ್ವೀಕೃತಿ ತಗೊಳ್ಳೋದು ಮರೀಬೇಡಿ.

ಟವೆಲ್ಲು ತಲೆ ಮೇಲಿರಲಿ, ಇಲ್ಲ ಹೆಗಲ ಮೇಲಿರಲಿ. ಕಂಕುಳಿಗೆ ಬೇಡ.

ಜೈಭೀಮ್.